ತಾಮ್ರದ ತಂತಿಯೂ ಗಾಜಿನ ಎಳೆಯೂ: ಮನೆಯ ದೂರವಾಣಿಯ ಸ್ಥಿತ್ಯಂತರ

ದೂರವಾಣಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಧ್ವನಿಯ ಚರಿತ್ರೆಯನ್ನೇ ಬರೆದಿದ್ದಾರೆ. 1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿಯ ಮೇಲೆ ಮಾತನ್ನು ಕಳುಹಿಸಿದ ಪ್ರಸಂಗದಿಂದ ತೊಡಗಿ, ಆ ಮಾತು ಎಷ್ಟು ದೂರ ಹೋಯಿತು, ಎಷ್ಟು ಸ್ಪಷ್ಟವಾಗಿ ಹೋಯಿತು, ಎಷ್ಟು ಅಗ್ಗವಾಗಿ ಹೋಯಿತು ಎಂಬುದೇ ಅವರ ಕಥನದ ಸೂತ್ರ. ಆದರೆ ಮನೆಯ ಗೋಡೆಯನ್ನು ಕೊರೆದು ಒಳಗೆ ಬಂದ ಆ ಜೋಡಿ ತಾಮ್ರದ ತಂತಿ ಮಾತಿನ ಜೊತೆಗೆ ಬೇರೆ ಎರಡನ್ನೂ ಹೊತ್ತು ತರುತ್ತಿತ್ತು. ಒಂದು, ಉಪಕರಣವು ನಡೆಯಲು ಬೇಕಾದ ವಿದ್ಯುತ್ತು. ಇನ್ನೊಂದು, ಮಾತನಾಡುವವನು ಎಲ್ಲಿರುವನೆಂಬುದರ ಗುರುತು. ಇವೆರಡಕ್ಕೂ ಬಿಲ್ಲಿನಲ್ಲಿ ಪ್ರತ್ಯೇಕವಾದ ಬಾಬು ಇರಲಿಲ್ಲ. ಆದುದರಿಂದಲೇ ಇವು ಸೇವೆಗಳೆಂದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಈಗ ಜಗತ್ತಿನ ಅನೇಕ ದೇಶಗಳಲ್ಲಿ ಮನೆಯ ಹಳೆಯ ದೂರವಾಣಿಯು ಡಿಜಿಟಲ್ ದೂರವಾಣಿಗೆ ಎಡೆಮಾಡಿಕೊಡುತ್ತಿರುವ ಸಂದರ್ಭದಲ್ಲಿ, ಮಾತು ಸುರಕ್ಷಿತವಾಗಿ ದಾಟಿಕೊಂಡಿದೆ. ದಾರಿಯಲ್ಲಿ ಬಿದ್ದುಹೋಗಿರುವುದು ಉಳಿದ ಎರಡೇ. ಊರಿನಲ್ಲಿ ವೃದ್ಧರಾದ ತಂದೆತಾಯಿಗಳನ್ನು ಬಿಟ್ಟು ಪರಪ್ರಾಂತಗಳಲ್ಲಿ ನೆಲೆಸಿರುವ ನಮ್ಮಂಥವರಿಗೆ ಇದು ಕೇವಲ ಯಂತ್ರಶಾಸ್ತ್ರದ ಪ್ರಶ್ನೆಯಾಗಲಾರದು.

ಮೊದಲಿಗೆ ಒಂದು ಸಾಮಾನ್ಯ ಭ್ರಾಂತಿಯನ್ನು ದೂರಮಾಡಿಕೊಳ್ಳಬೇಕು. ದೂರವಾಣಿ ಡಿಜಿಟಲ್ ಆದುದು ನಿನ್ನೆ ಮೊನ್ನೆಯಲ್ಲ. ಕೇಂದ್ರದಿಂದ ಕೇಂದ್ರಕ್ಕೆ ಹೋಗುವ ಹೆದ್ದಾರಿಯೂ, ಕೇಂದ್ರದೊಳಗಿನ ಯಂತ್ರವೂ ಡಿಜಿಟಲ್ ಆಗಿ ಹಲವು ದಶಕಗಳಾದುವು. ಹಳೆಯ ರೀತಿಯಲ್ಲಿಯೇ ಉಳಿದಿದ್ದುದು ವಿನಿಮಯ ಕೇಂದ್ರದಿಂದ, ರೂಢಿಯ ಮಾತಿನಲ್ಲಿ ಎಕ್ಸ್‌ಚೇಂಜಿನಿಂದ, ಮನೆಯವರೆಗಿನ ಕೊನೆಯ ಒಂದೆರಡು ಮೈಲಿಯ ತಂತಿ ಮಾತ್ರ. ಈಗ ನಡೆಯುತ್ತಿರುವ ಬದಲಾವಣೆ ಈ ಕೊನೆಯ ತುಂಡಿನದು. ಅಳತೆಯಲ್ಲಿ ಇದು ಅಲ್ಪ. ಆದರೆ ಮನುಷ್ಯನಿಗೂ ಜಾಲಕ್ಕೂ ನಡುವಣ ಸಂಬಂಧ ನಿಂತಿದ್ದುದು ಈ ತುಂಡಿನ ಮೇಲೆಯೇ.

ವಿದ್ಯುತ್ತಿನ ಕಥೆಯನ್ನು ಮೊದಲು ನೋಡೋಣ. ಆರಂಭದ ಮನೆ ದೂರವಾಣಿಗಳಲ್ಲಿ ಮಾತನ್ನು ಸಾಗಿಸುವ ವಿದ್ಯುತ್ತು ಮನೆಯಲ್ಲಿಯೇ ಹುಟ್ಟಬೇಕಾಗಿತ್ತು. ಗೋಡೆಗೆ ತಗುಲಿಸಿದ ಮರದ ಪೆಟ್ಟಿಗೆಯೊಳಗೆ ಲೆಕ್ಲಾಂಶೆ ಕೋಶಗಳು ಇರುತ್ತಿದ್ದುವು. ಗಾಜಿನ ಜಾಡಿಯಲ್ಲಿ ನವಸಾಗರದ ದ್ರಾವಣ, ಅದರಲ್ಲಿ ಸತುವಿನ ಕಡ್ಡಿ, ಇಂಗಾಲ ಹಾಗೂ ಮ್ಯಾಂಗನೀಸ್ ತುಂಬಿದ ಮಣ್ಣಿನ ಕುಡಿಕೆ: ಇಷ್ಟೇ ಅದರ ಸಾಮಗ್ರಿ. ಕೇಂದ್ರವನ್ನು ಎಚ್ಚರಿಸಲು ಪೆಟ್ಟಿಗೆಯ ಪಕ್ಕದ ಹಿಡಿಯನ್ನು ತಿರುಗಿಸಬೇಕು. ದ್ರಾವಣ ಆರಿದರೆ, ಸತು ಸವೆದರೆ ಮಾತು ಕ್ಷೀಣವಾಗುವುದು. ಕಂಪೆನಿಯ ಆಳು ಮನೆಮನೆಗೂ ತಿರುಗಿ ಜಾಡಿಗಳನ್ನು ಸರಿಪಡಿಸುತ್ತಿರಬೇಕು. ಸಾವಿರಾರು ಮನೆಗಳಲ್ಲಿ ಸಾವಿರಾರು ಜಾಡಿಗಳು. ಯಾವುದು ಯಾವಾಗ ಕೈಕೊಡುವುದೋ ತಿಳಿಯದು. ಬಳಕೆ ಹೆಚ್ಚಿದಂತೆ ಈ ಏರ್ಪಾಡು ಕಂಪೆನಿಗಳಿಗೇ ಭಾರವಾಯಿತು.

1893ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಲೆಕ್ಸಿಂಗ್ಟನ್ನಿನಲ್ಲಿ ಬೇರೊಂದು ಕ್ರಮ ಜಾರಿಗೆ ಬಂದಿತು. ಜಾಡಿಗಳನ್ನೆಲ್ಲ ಮನೆಗಳಿಂದ ತೆಗೆದು, ಕೇಂದ್ರದಲ್ಲಿ ಒಂದೇ ದೊಡ್ಡ ಬ್ಯಾಟರಿಯನ್ನಿಟ್ಟು, ಮಾತು ಹೋಗುವ ತಂತಿಯಲ್ಲಿಯೇ ಎಲ್ಲರಿಗೂ ವಿದ್ಯುತ್ತನ್ನು ಹಂಚುವ ಕ್ರಮವದು. ಇಂಗ್ಲೆಂಡಿನಲ್ಲಿ 1900ರಲ್ಲಿ ಬ್ರಿಸ್ಟಲ್ ನಗರ ಇದನ್ನು ಮೊದಲು ಕೈಕೊಂಡಿತು. ಮುಂದಿನ ದಶಕಗಳಲ್ಲಿ ದೊಡ್ಡ ನಗರಗಳೆಲ್ಲ ಇದೇ ಮಾರ್ಗವನ್ನು ಹಿಡಿದುವು. ಸಣ್ಣ ಊರುಗಳಲ್ಲಿ ಹಿಡಿ ತಿರುಗಿಸುವ ಪೆಟ್ಟಿಗೆಗಳು ಬಹುಕಾಲ ಉಳಿದುಕೊಂಡುವು. ಗ್ರಾಹಕನು ರಿಸೀವರನ್ನು ಎತ್ತಿದೊಡನೆ ಮಂಡಲ ಪೂರ್ಣಗೊಂಡು ವಿದ್ಯುತ್ತು ಹರಿಯುವುದು. ಹರಿದುದನ್ನು ಕಂಡೇ ಕೇಂದ್ರವು ಕರೆ ಬಂದಿದೆಯೆಂದು ತಿಳಿಯುವುದು. ಇನ್ನು ಮೇಲೆ ಮನೆಯವನು ಬ್ಯಾಟರಿಯ ಗೊಡವೆಗೆ ಹೋಗಬೇಕಾಗಿಲ್ಲ. ನನ್ನ ಮಟ್ಟಿಗೆ, ದೂರವಾಣಿಯು ಸಾರ್ವಜನಿಕ ಸೇವೆಯಾದುದು ಬೆಲ್ಲನ ಪ್ರಯೋಗಶಾಲೆಯಲ್ಲಲ್ಲ, ಈ ಲೆಕ್ಸಿಂಗ್ಟನ್ನಿನ ಬ್ಯಾಟರಿ ಕೋಣೆಯಲ್ಲಿ.

ಆ ಕೋಣೆಯ ವಿಷಯದಲ್ಲಿ ಇನ್ನೂ ಸ್ವಲ್ಪ ನಿಲ್ಲುವುದು ಉಚಿತ. ಕೇಂದ್ರದ ಕಟ್ಟಡದಲ್ಲಿ ಸಾಲುಸಾಲಾಗಿ ಸೀಸ ಮತ್ತು ಆಮ್ಲದ ಕೋಶಗಳು. ಬಟ್ಟಿಯಿಳಿಸಿದ ನೀರನ್ನು ಕಾಲಕಾಲಕ್ಕೆ ಹೊಯ್ಯುವ ಕೆಲಸಗಾರರು. ಊರಿನ ವಿದ್ಯುತ್ತು ನಿಂತರೆ ಕೆಲವು ಗಂಟೆಗಳ ಕಾಲ ಇವೇ ಆಧಾರ. ಇವೂ ಸೋಲುವ ಮೊದಲು ನಡೆಯತಕ್ಕ ಡೀಸೆಲ್ ಜನರೇಟರು. 48 ಅಥವಾ 50 ವೋಲ್ಟುಗಳ ಈ ಮಂದಪ್ರವಾಹ ಹಗಲಿರುಳೂ ಪ್ರತಿಯೊಂದು ಮನೆಯ ತಂತಿಯಲ್ಲಿ ಕಾದು ನಿಂತಿರುತ್ತಿತ್ತು. ಊರೆಲ್ಲ ಕತ್ತಲಾದಾಗಲೂ ದೂರವಾಣಿ ಮಾತ್ರ ನಡೆಯುವುದೇಕೆ ಎಂದು ಬಹುಮಂದಿ ಆಶ್ಚರ್ಯಪಟ್ಟಿರಬಹುದು. ಅದಕ್ಕೆ ಕಾರಣ ಇಷ್ಟೇ: ಅದಕ್ಕೆ ಬೇಕಾದ ವಿದ್ಯುತ್ತು ಊರಿನ ವಿದ್ಯುಚ್ಛಕ್ತಿ ಕಂಪೆನಿಯಿಂದ ಮನೆಗೆ ಬಂದುದೇ ಅಲ್ಲ.

ಭಾರತದಲ್ಲಿ 1882ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಕೇಂದ್ರಗಳು ತೆರೆದುವು. 1913-14ರಲ್ಲಿ ಸಿಮ್ಲಾಕ್ಕೆ ಸ್ವಯಂಚಾಲಿತ ಕೇಂದ್ರ ಬಂದಿತು. 1943ರಲ್ಲಿ ಮುಂಬಯಿ ಮೊದಲಾದ ನಗರಗಳ ಖಾಸಗಿ ಕಂಪೆನಿಗಳನ್ನು ಸರಕಾರ ವಹಿಸಿಕೊಂಡಿತು. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಗಿ, ಅಲ್ಮನ್ ಸ್ಟ್ರೌಜರನು 1891ರಲ್ಲಿ ಪೇಟೆಂಟು ಪಡೆದ ಕ್ರಮದ ಯಂತ್ರಗಳು ನಮ್ಮ ನಾಡಿನಲ್ಲಿಯೇ ತಯಾರಾಗತೊಡಗಿದುವು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ಕನ್ನಡದ ಒಂದು ಪಾರಿಭಾಷಿಕ ಶಬ್ದವು ಊರಿನ ಹೆಸರಾಗಿ ನಿಂತ ಉದಾಹರಣೆ ವಿರಳ. ಭಾಷಾಶಾಸ್ತ್ರದಲ್ಲಿ ಆಸಕ್ತಿಯುಳ್ಳ ವಾಚಕರು ಇದನ್ನು ಗುರುತಿಸಿಕೊಳ್ಳಬಹುದು.

ಮಾತನ್ನು ಅಂಕಿಗಳಾಗಿ ಒಡೆಯುವ ಕಲ್ಪನೆ ಇಂಗ್ಲಿಷ್ ಎಂಜಿನಿಯರ್ ಅಲೆಕ್ ರೀವ್ಸನದು. ಪ್ಯಾರಿಸ್ಸಿನಲ್ಲಿ ಕೆಲಸಮಾಡುತ್ತಿದ್ದ ಆತ 1938ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಅದನ್ನು ಅಗ್ಗವಾಗಿ ಸಾಧಿಸಬಲ್ಲ ಟ್ರಾನ್ಸಿಸ್ಟರು ಆಗಿನ್ನೂ ಹುಟ್ಟಿರಲಿಲ್ಲ. ಮುಂದೆ ರೂಢಿಗೆ ಬಂದ ಕ್ರಮದಲ್ಲಿ ಧ್ವನಿಯ ಎತ್ತರವನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 8 ಬಿಟ್ಟುಗಳ ಸಂಖ್ಯೆಯಾಗಿ ಬರೆಯುತ್ತಾರೆ. ಹೀಗೆ ಒಂದು ಸಂಭಾಷಣೆಗೆ ಸೆಕೆಂಡಿಗೆ 64,000 ಬಿಟ್ಟುಗಳು. 1980ರ ದಶಕದಲ್ಲಿ ಈ ಕ್ರಮದ ಕೇಂದ್ರಗಳು ಎಲ್ಲೆಡೆ ಹಬ್ಬಿದುವು. ಭಾರತದಲ್ಲಿ 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ ಗ್ರಾಮಗಳಿಗಾಗಿ ನಿರ್ಮಿಸಿದ 128 ಮಾರ್ಗಗಳ ಸಣ್ಣ ಡಿಜಿಟಲ್ ಕೇಂದ್ರ ಮೊತ್ತಮೊದಲು 1986ರ ಜುಲೈ ತಿಂಗಳಲ್ಲಿ ನಡೆದುದು ನಮ್ಮ ಕಿತ್ತೂರಿನಲ್ಲಿ. ವಿದೇಶದ ಯಂತ್ರಗಳಿಗೆ ಬೇಕಾಗುತ್ತಿದ್ದ ಹವಾನಿಯಂತ್ರಣ ಇದಕ್ಕೆ ಬೇಕಿರಲಿಲ್ಲ. ಧೂಳನ್ನೂ ಸೆಕೆಯನ್ನೂ ತಾಳಿಕೊಳ್ಳುವಂತೆ ಅದನ್ನು ರೂಪಿಸಲಾಗಿತ್ತು. ರಾಣಿ ಚೆನ್ನಮ್ಮನ ಊರೆಂದು ಮಾತ್ರ ಕಿತ್ತೂರನ್ನು ಬಲ್ಲವರು ಈ ಎರಡನೆಯ ಕೀರ್ತಿಯನ್ನೂ ಅರಿತಿರುವುದು ಒಳ್ಳೆಯದು.

ಇಷ್ಟೆಲ್ಲ ಆದರೂ ಮನೆಯ ತಂತಿ ಬದಲಾಗಲಿಲ್ಲ. ಡಿಜಿಟಲ್ ಕೇಂದ್ರವನ್ನು ರೂಪಿಸಿದ ಎಂಜಿನಿಯರುಗಳು, ಪ್ರತಿಯೊಂದು ಗ್ರಾಹಕ ತಂತಿಯ ಕೊನೆಯಲ್ಲಿ ಕೇಂದ್ರವು ಮಾಡಬೇಕಾದ ಏಳು ಕರ್ತವ್ಯಗಳನ್ನು ಗುರುತಿಸಿ, ಇಂಗ್ಲಿಷಿನಲ್ಲಿ ಅವುಗಳ ಮೊದಲಕ್ಷರಗಳನ್ನು ಕೂಡಿಸಿ 'ಬೋರ್ಷ್ಟ್' ಎಂದು ವಿನೋದದ ಹೆಸರಿಟ್ಟಿದ್ದರು. ಬೀಟ್‌ರೂಟ್ ಸಾರೊಂದರ ಹೆಸರದು. ಮಿಂಚಿನಿಂದ ರಕ್ಷಣೆ, ಗಂಟೆ ಬಾರಿಸುವುದು, ರಿಸೀವರ್ ಎತ್ತಿದೆಯೋ ಇಲ್ಲವೋ ನೋಡುತ್ತಿರುವುದು, ತಂತಿಯ ಪರೀಕ್ಷೆ ಮೊದಲಾದುವು ಅದರಲ್ಲಿ ಸೇರಿದ್ದುವು. ಅವುಗಳಲ್ಲಿ ಮೊದಲನೆಯ ಅಕ್ಷರ ಬ್ಯಾಟರಿಯದು. ಅಂದರೆ ಯಂತ್ರದ ಹೃದಯವೇ ಬದಲಾದ ಕಾಲದಲ್ಲಿಯೂ ಮನೆಗೆ ವಿದ್ಯುತ್ತನ್ನು ಒದಗಿಸುವುದು ಕೇಂದ್ರದ ಮೊದಲ ಧರ್ಮವೆಂದೇ ಪರಿಗಣಿತವಾಗಿತ್ತು. ಇಂದಿನ ಡಿಜಿಟಲ್ ಮನೆ ದೂರವಾಣಿಯಲ್ಲಿ ಈ ಏಳು ಕರ್ತವ್ಯಗಳು ಸ್ಥಳಾಂತರಗೊಂಡು, ಮನೆಯ ಮೂಲೆಯಲ್ಲಿ ಮಿನುಗುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯ ಪಾಲಿಗೆ ಬಂದಿವೆ. ಆ ಪೆಟ್ಟಿಗೆಗೆ ಬ್ಯಾಟರಿಯ ಕರ್ತವ್ಯವನ್ನು ನೆರವೇರಿಸಲು ಬೇಕಾದ ಶಕ್ತಿ ಮಾತ್ರ ಮನೆಯ ಗೋಡೆಯ ಪ್ಲಗ್ಗಿನಿಂದಲೇ ಬರಬೇಕು.

ಏಕೆ? ಗಾಜು ವಿದ್ಯುದ್ವಾಹಕವಲ್ಲ. ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಂ ಎಂಬ ವಿಜ್ಞಾನಿಗಳು 1966ರಲ್ಲಿ, ಶುದ್ಧವಾದ ಗಾಜಿನ ಎಳೆಯಲ್ಲಿ ಬೆಳಕನ್ನು ಬಹುದೂರ ಹಾಯಿಸಬಹುದೆಂದು ತೋರಿಸಿಕೊಟ್ಟರು. ಭಾರತದಲ್ಲಿ ಸ್ಥಳೀಯ ಕೇಂದ್ರಗಳ ನಡುವೆ ಅಂತಹ ಎಳೆ ಮೊದಲು ಹಾಸಲ್ಪಟ್ಟುದು 1979ರಲ್ಲಿ ಪುಣೆಯಲ್ಲಿ. ಈ ಎಳೆ ಹೊರುವ ಮಾಹಿತಿಯ ಮುಂದೆ ತಾಮ್ರ ಯಾವ ಲೆಕ್ಕಕ್ಕೂ ಇಲ್ಲ. ಆದರೆ ಬೆಳಕನ್ನು ಹೊರುವ ಎಳೆಯು ರಿಸೀವರಿಗೆ ಬೇಕಾದ ವಿದ್ಯುತ್ತನ್ನು ಹೊರಲಾರದು.

ಈ ವಿಷಯ ಶಾಸ್ತ್ರಚರ್ಚೆಯನ್ನು ದಾಟಿ ಸಾರ್ವಜನಿಕ ವಿವಾದವಾದುದು ಬ್ರಿಟನ್ನಿನಲ್ಲಿ. ಅಲ್ಲಿ ಸ್ಟ್ರೌಜರನ ಕೊನೆಯ ಯಂತ್ರ 1995ರಲ್ಲಿ ನಿಂತಿತು. ಬಳಿಕ ಬಂದ ಡಿಜಿಟಲ್ ಕೇಂದ್ರಗಳೂ ಮುಪ್ಪಾದುವು. ಬಿಡಿಭಾಗಗಳು ಸಿಕ್ಕುತ್ತಿರಲಿಲ್ಲ, ಬಲ್ಲ ಎಂಜಿನಿಯರುಗಳು ನಿವೃತ್ತರಾಗುತ್ತಿದ್ದರು. ಹಳೆಯ ಜಾಲವನ್ನು 2025ರ ಕೊನೆಗೆ ಮುಚ್ಚಿ, ಎಲ್ಲರನ್ನೂ ಇಂಟರ್‌ನೆಟ್ಟಿನ ಮೇಲೆ ಮಾತು ಸಾಗಿಸುವ ಸೇವೆಗೆ ಒಯ್ಯುವುದೆಂದು ಕಂಪೆನಿಗಳು ನಿರ್ಣಯಿಸಿದುವು. ಸಾಲಿಸ್‌ಬರಿ ಮತ್ತು ಮಿಲ್ಡನ್‌ಹಾಲ್‌ಗಳಲ್ಲಿ ಪರೀಕ್ಷೆ ನಡೆಯಿತು. ಸುಮಾರು 5,600 ಕೇಂದ್ರಗಳಲ್ಲಿ ಸಾವಿರದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕುವನ್ನು ಕ್ರಮೇಣ ಮುಚ್ಚುವುದೂ ಯೋಜನೆಯ ಭಾಗ. ಇದರಲ್ಲಿ ಅನ್ಯಾಯವೇನೂ ಇಲ್ಲ. ಮುರಿದುಬೀಳುತ್ತಿರುವ ಮನೆಯಲ್ಲಿ ಯಾರೂ ಎಂದೆಂದಿಗೂ ವಾಸಿಸಲಾಗದು.

ಆದರೆ 2021ರ ನವೆಂಬರಿನ ಕೊನೆಯಲ್ಲಿ ಆರ್ವೆನ್ ಎಂಬ ಬಿರುಗಾಳಿ ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡುಗಳಿಗೆ ಅಪ್ಪಳಿಸಿತು. ಹತ್ತು ಲಕ್ಷ ಮನೆಗಳಿಗೆ ವಿದ್ಯುತ್ತು ತಪ್ಪಿತು. ಕೆಲವು ಸಾವಿರ ಮನೆಗಳಿಗೆ ವಾರಕ್ಕೂ ಮೀರಿ ಅದು ಮರಳಲಿಲ್ಲ. ಮೊಬೈಲ್ ಗೋಪುರಗಳೂ ಸ್ತಬ್ಧವಾದ ಹಳ್ಳಿಗಳಲ್ಲಿ, ಹೊಸ ದೂರವಾಣಿಯುಳ್ಳವರಿಗೆ ಕರೆಮಾಡಲು ದಾರಿಯೇ ಉಳಿಯಲಿಲ್ಲ. 2022ರ ಮಾರ್ಚಿಯಲ್ಲಿ ಅಲ್ಲಿಯ ಪ್ರಧಾನ ಕಂಪೆನಿಯಾದ ಬಿ.ಟಿ. ತಾನೇ ಬದಲಾವಣೆಯನ್ನು ತಡೆಹಿಡಿಯಿತು. ಸೇವೆಗಳ ನಿಯಂತ್ರಕವಾದ ಆಫ್‌ಕಾಮ್ 2018ರಲ್ಲಿಯೇ ಸೂಚಿಸಿದ್ದುದು, ವಿದ್ಯುತ್ತು ಹೋದಾಗ ತುರ್ತು ಕರೆ ಮಾಡಲು ಕನಿಷ್ಠ ಒಂದು ಗಂಟೆಯ ಅವಕಾಶವಿರಬೇಕು, ಸ್ಥಿರ ದೂರವಾಣಿಯೊಂದನ್ನೇ ನಂಬಿದವರಿಗೆ ಅದು ಉಚಿತವಾಗಿ ದೊರೆಯಬೇಕು, ಎಂದು. ವಾರಗಟ್ಟಲೆ ಕತ್ತಲೆಯ ಎದುರಿಗೆ ಒಂದು ಗಂಟೆ!

ಅದಕ್ಕಿಂತ ಗಂಭೀರವಾದುದು ಇನ್ನೊಂದು. ಬ್ರಿಟನ್ನಿನಲ್ಲಿ ಸುಮಾರು 18 ಲಕ್ಷ ಮಂದಿ ವೃದ್ಧರೂ ಅಶಕ್ತರೂ ಕೊರಳಿಗೆ ಇಲ್ಲವೆ ಮಣಿಕಟ್ಟಿಗೆ ಒಂದು ಗುಂಡಿಯನ್ನು ಕಟ್ಟಿಕೊಂಡಿರುತ್ತಾರೆ. ಬಿದ್ದಾಗ ಅದನ್ನು ಒತ್ತಿದರೆ ಮನೆಯ ದೂರವಾಣಿ ತಾನಾಗಿ ಸಹಾಯ ಕೇಂದ್ರಕ್ಕೆ ಕರೆಮಾಡುವುದು. ಈ ಉಪಕರಣಗಳು ಸಂಕೇತಗಳನ್ನು ಕಳುಹಿಸುವುದು ವಿವಿಧ ಸ್ವರಗಳ ರೂಪದಲ್ಲಿ. ಡಿಜಿಟಲ್ ಮಾರ್ಗದಲ್ಲಿ ಮಾತನ್ನು ಪೊಟ್ಟಣ ಪೊಟ್ಟಣವಾಗಿ ಕಟ್ಟಿ ಕಳುಹಿಸುವಾಗ ಅಲ್ಲೊಂದು ಇಲ್ಲೊಂದು ಪೊಟ್ಟಣ ತಪ್ಪಿದರೆ ಮನುಷ್ಯನ ಕಿವಿ ಅದನ್ನು ಮನ್ನಿಸುತ್ತದೆ. ಯಂತ್ರದ ಕಿವಿ ಮನ್ನಿಸುವುದಿಲ್ಲ. ಬದಲಾವಣೆಯ ತರುವಾಯ ಕೆಲವೆಡೆ ಗುಂಡಿಯ ಕರೆ ತಲಪದೆ ಹೋಗಿ ಗಂಭೀರವಾದ ಅವಘಡಗಳಾದ ಮೇಲೆ, 2023ರ ಡಿಸೆಂಬರಿನಲ್ಲಿ ಸರಕಾರವು ಕಂಪೆನಿಗಳನ್ನು ಕರೆಸಿ, ದುರ್ಬಲರಾದ ಗ್ರಾಹಕರನ್ನು ಬಲವಂತದಿಂದ ಬದಲಾಯಿಸದಿರುವ ವಾಗ್ದಾನಪತ್ರಕ್ಕೆ ಸಹಿ ಹಾಕಿಸಿತು. 2024ರಲ್ಲಿ ಕೊನೆಯ ದಿನವನ್ನು 2027ರ ಜನವರಿಗೆ ಮುಂದೂಡಲಾಯಿತು. ಯೋಜನೆಯನ್ನು ಸಿದ್ಧಪಡಿಸಿದವರು ಅಸಮರ್ಥರೆಂದು ನಾನು ಭಾವಿಸುವುದಿಲ್ಲ. ತಾವು ಮಾರುತ್ತಿದ್ದುದು ಮಾತಿನ ಸೌಕರ್ಯವೊಂದೇ ಎಂದು ಅವರು ನಂಬಿದ್ದರು. ಜನರು ಆ ತಂತಿಯ ಮೇಲೆ ಮತ್ತೇನನ್ನು ತೂಗುಹಾಕಿಕೊಂಡಿದ್ದರೆಂಬ ಪಟ್ಟಿ ಅವರ ಕೈಯಲ್ಲಿರಲಿಲ್ಲ.

ಇನ್ನು ಸ್ಥಳದ ಗುರುತಿನ ವಿಷಯ. ಹಳೆಯ ತಂತಿಯ ಒಂದು ತುದಿ ಕೇಂದ್ರದಲ್ಲಿ, ಇನ್ನೊಂದು ತುದಿ ಒಂದಾನೊಂದು ಮನೆಯಲ್ಲಿ ನಾಟಿಕೊಂಡಿದ್ದಿತು. ಸಂಖ್ಯೆ ಮನುಷ್ಯನದಲ್ಲ, ಮನೆಯದು. ಮುಂಬಯಿಗೆ ಬಂದ ನಮ್ಮವರು ತಮ್ಮ ಕಾರ್ಡುಗಳಲ್ಲಿ ನೆರೆಮನೆಯ ಅಥವಾ ಕೆಳಗಿನ ಹೋಟೆಲಿನ ಗಲ್ಲೆಯ ಸಂಖ್ಯೆಯನ್ನು 'ಪಿ.ಪಿ.' ಎಂಬ ಎರಡಕ್ಷರಗಳೊಡನೆ ಅಚ್ಚುಹಾಕಿಸುತ್ತಿದ್ದ ಕಾಲವೊಂದಿತ್ತು. ಊರಿನ ಕರೆ ಬಂದರೆ ಹುಡುಗನೊಬ್ಬ ಓಡಿಬಂದು ಕೂಗುತ್ತಿದ್ದ. ಸಂಖ್ಯೆಯು ಸ್ಥಳಕ್ಕೆ ಕಟ್ಟಲ್ಪಟ್ಟಿದ್ದುದರಿಂದಲೇ ಈ ಪದ್ಧತಿ ಸಾಧ್ಯವಾಯಿತು. ಡಿಜಿಟಲ್ ದೂರವಾಣಿಯಲ್ಲಿ ಸಂಖ್ಯೆ ಒಂದು ಖಾತೆಯ ಹೆಸರು ಮಾತ್ರ. ಪೆಟ್ಟಿಗೆಯನ್ನು ಬೇರೊಂದು ಊರಿಗೊಯ್ದು ಜೋಡಿಸಿದರೂ ಅದೇ ಸಂಖ್ಯೆ ಮಾತನಾಡಬಲ್ಲುದು. ಇದು ಗುಣವೂ ಹೌದು, ದೋಷವೂ ಹೌದು. ಅಗ್ನಿಶಾಮಕದವರಿಗೆ ಕರೆಮಾಡಿ ಮಾತು ತಡವರಿಸಿದವನ ಮನೆ ಯಾವುದೆಂದು ತಂತಿ ಹೇಳುತ್ತಿತ್ತು. ಖಾತೆ ತಾನಾಗಿ ಹೇಳಲಾರದು. ಅಮೆರಿಕದ ಸಂಪರ್ಕ ಆಯೋಗ 2005ರಲ್ಲಿ, ಇಂಟರ್‌ನೆಟ್ ದೂರವಾಣಿ ಕಂಪೆನಿಗಳು ಗ್ರಾಹಕನ ಸ್ಥಳವನ್ನು ದಾಖಲಿಸಿಕೊಂಡು ತುರ್ತು ಕರೆಯ ಜೊತೆಗೆ ಅದನ್ನು ಒಪ್ಪಿಸಲೇಬೇಕೆಂದು ವಿಧಿಸಬೇಕಾಯಿತು. ತಾಮ್ರವು ಸಹಜವಾಗಿ ಮಾಡುತ್ತಿದ್ದುದನ್ನು ಕಾನೂನು ಕಷ್ಟಪಟ್ಟು ಮಾಡಿಸಬೇಕಾದ ಮೊದಲ ನಿದರ್ಶನ ಇದೆಂದು ತೋರುತ್ತದೆ. ಬ್ರಿಟನ್ನಿನ ಹೊಸ ಸೇವೆಯಲ್ಲಿ ಪಕ್ಕದ ಬೀದಿಗೆ ಕರೆಮಾಡಲೂ ಊರಿನ ಕೋಡನ್ನು ಒತ್ತಬೇಕಾಗಿರುವುದು ಇದೇ ಬೇರಿನ ಇನ್ನೊಂದು ಚಿಗುರು. ಕೇಂದ್ರಕ್ಕೆ ಈಗ ತನ್ನ ಊರು ಯಾವುದೆಂಬುದೇ ಮರೆತಿದೆ.

ಅಮೆರಿಕದಲ್ಲಿಯೇ 2012ರ ಅಕ್ಟೋಬರಿನ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕಿನ ಫೈರ್ ಐಲೆಂಡ್ ದ್ವೀಪದ ತಾಮ್ರದ ತಂತಿಗಳು ಉಪ್ಪುನೀರಿನಿಂದ ಹಾಳಾದಾಗ, ಕಂಪೆನಿ ಅವುಗಳನ್ನು ಮತ್ತೆ ಹಾಕದೆ ನಿಸ್ತಂತು ಪೆಟ್ಟಿಗೆಗಳನ್ನು ಕೊಡಲು ಮುಂದಾಯಿತು. ಅವುಗಳಲ್ಲಿ ಫ್ಯಾಕ್ಸ್ ನಡೆಯಲಿಲ್ಲ, ಎಚ್ಚರಿಕೆಯ ಉಪಕರಣಗಳು ನಡೆಯಲಿಲ್ಲ. ನಿವಾಸಿಗಳು ಪಟ್ಟುಹಿಡಿದು ವಿರೋಧಿಸಿದರು. 2013ರಲ್ಲಿ ಕಂಪೆನಿಯು ಗಾಜಿನ ಎಳೆಯನ್ನೇ ಹಾಕಿಕೊಡಲು ಒಪ್ಪಿತು. ಅವರು ಬೇಡಿದುದು ತಾಮ್ರವನ್ನಲ್ಲ, ತಾಮ್ರವು ಮಾಡುತ್ತಿದ್ದ ಕೆಲಸವನ್ನು. 2015ರಲ್ಲಿ ಆಯೋಗವು, ಮನೆಯ ದೂರವಾಣಿಗೆ ಮೊದಲು 8 ಗಂಟೆಗಳ, ಮೂರು ವರ್ಷಗಳ ತರುವಾಯ 24 ಗಂಟೆಗಳ ಬ್ಯಾಟರಿಯನ್ನು ಕೊಳ್ಳುವ ಅವಕಾಶವನ್ನು ಕಂಪೆನಿಗಳು ಒದಗಿಸಬೇಕೆಂದು ಗೊತ್ತುಮಾಡಿತು. ಗಮನಿಸಬೇಕಾದುದು 'ಕೊಳ್ಳುವ' ಎಂಬ ಶಬ್ದ: ಬೆಲೆ ತೆರುವವನು ಗ್ರಾಹಕನೇ.

ಜಪಾನು ಮಾತ್ರ ಬೇರೆ ಹಾದಿ ಹಿಡಿಯಿತು. 2024ರ ಜನವರಿಯಿಂದ ಅಲ್ಲಿಯ ಎನ್.ಟಿ.ಟಿ. ಸಂಸ್ಥೆಯು ಕೇಂದ್ರಗಳನ್ನೂ ಅವುಗಳ ನಡುವಣ ಮಾರ್ಗಗಳನ್ನೂ ಇಂಟರ್‌ನೆಟ್ ಕ್ರಮಕ್ಕೆ ತಿರುಗಿಸತೊಡಗಿದರೂ ಮನೆಯ ತಾಮ್ರದ ತಂತಿಯನ್ನು ಹಾಗೆಯೇ ಉಳಿಸಿಕೊಂಡಿತು. ಗ್ರಾಹಕನು ಉಪಕರಣವನ್ನು ಬದಲಾಯಿಸಬೇಕಾಗಿ ಬರಲಿಲ್ಲ; ವಿದ್ಯುತ್ತು ಎಂದಿನಂತೆ ಕೇಂದ್ರದಿಂದ ಬರುತ್ತಲೇ ಇತ್ತು. ಭೂಕಂಪಗಳ ದೇಶ ಎಚ್ಚರಿಕೆಯಿಂದ ಹೆಜ್ಜೆಯಿಟ್ಟುದು ಸಹಜವೇ. ಇದು ಶಾಶ್ವತ ಪರಿಹಾರವಲ್ಲ, ತಾಮ್ರ ಅಲ್ಲಿಯೂ ಮುದಿಯಾಗುತ್ತಿದೆ. ಆದರೂ ಇಂಟರ್‌ನೆಟ್ ಕ್ರಮಕ್ಕೆ ದಾಟಲು ಮನೆಯ ಬ್ಯಾಟರಿಯ ಹೊಣೆಯನ್ನು ಆ ಕ್ಷಣವೇ ಮನೆಯವನ ತಲೆಗೆ ಕಟ್ಟಬೇಕಾಗಿಲ್ಲವೆಂಬುದು ಇದರಿಂದ ಸಿದ್ಧಪಟ್ಟಿತು.

ನಮ್ಮ ದೇಶದ ಸ್ಥಿತಿಗೆ ಬಂದರೆ, ಹಳೆಯ ತಂತಿಯನ್ನು ವೈಭವೀಕರಿಸುವ ಮೊದಲು ಸ್ವಲ್ಪ ಹಿಂಜರಿಯಬೇಕಾಗುತ್ತದೆ. ಕೇಂದ್ರದಲ್ಲಿ ವಿದ್ಯುತ್ತು ಇದ್ದಿತು, ನಿಜ. ಆದರೆ ಮಳೆಗಾಲದಲ್ಲಿ ನೆಲದೊಳಗಿನ ಕೇಬಲ್ಲಿಗೆ ನೀರು ನುಗ್ಗಿ ದೂರವಾಣಿ 'ಡೆಡ್' ಆಗಿ ಬಿದ್ದಿರುತ್ತಿದ್ದುದನ್ನು, ರಸ್ತೆ ಅಗೆದವರು ತಂತಿಯನ್ನೂ ಅಗೆದುಹಾಕುತ್ತಿದ್ದುದನ್ನು, ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾಯುತ್ತಿದ್ದುದನ್ನು ಮರೆತವರಿಲ್ಲ. ಆ ಕಾಯುವಿಕೆಯಿಂದ ಬಿಡುಗಡೆ ಮಾಡಿದುದು ಮೊಬೈಲು. 2006ರ ಸುಮಾರಿಗೆ ಐದು ಕೋಟಿಯ ಆಸುಪಾಸಿನಲ್ಲಿದ್ದ ಸ್ಥಿರ ದೂರವಾಣಿಗಳು 2020ರ ಹೊತ್ತಿಗೆ ಎರಡು ಕೋಟಿಗೆ ಇಳಿದುವು. ಆಮೇಲೆ ಸಂಖ್ಯೆ ಮತ್ತೆ ಏರಿ, 2024ರಲ್ಲಿ ಮೂರು ಕೋಟಿಗೂ ಹೆಚ್ಚಾಗಿತ್ತು. ಇದು ಹಳೆಯ ತಂತಿಯ ಪುನರುಜ್ಜೀವನವಲ್ಲ. ಮನೆಗೆ ಇಂಟರ್‌ನೆಟ್ಟಿಗಾಗಿ ಬಂದ ಗಾಜಿನ ಎಳೆಯೊಡನೆ ದೂರವಾಣಿಯೂ ಕೊಸರಿನಂತೆ ಬಂದುದು. ಹೀಗೆ ಬ್ರಿಟನ್ನಿನಲ್ಲಿ ಗಡುವು, ಪತ್ರ, ವಾಗ್ದಾನ, ವಿವಾದಗಳೊಡನೆ ನಡೆದ ಸ್ಥಿತ್ಯಂತರ ನಮ್ಮಲ್ಲಿ ಸದ್ದಿಲ್ಲದೆ, ಒಂದೊಂದು ಮನೆಯಾಗಿ ನಡೆದಿದೆ. 2013ರ ಜುಲೈಯಲ್ಲಿ ತಂತಿ ಸಮಾಚಾರ ನಿಂತಾಗ ಕೊನೆಯ ತಂತಿ ಕಳುಹಿಸಲು ಜನರು ಸಾಲುಗಟ್ಟಿ ನಿಂತಿದ್ದರು. ತಾಮ್ರದ ದೂರವಾಣಿಗೆ ಅಂತಹ ವಿದಾಯದ ದಿನವೇ ಇಲ್ಲ. ಭಾಷೆಯೊಂದು ಮಾತ್ರ ಇದನ್ನು ಗಮನಿಸಿ, ಒಂದು ಕಾಲಕ್ಕೆ ದೂರವಾಣಿಯೆಂದರೆ ಸಾಕಾಗಿದ್ದಲ್ಲಿ 'ಸ್ಥಿರ' ಎಂಬ ವಿಶೇಷಣವನ್ನು ಸೇರಿಸಿಕೊಂಡಿದೆ.

ಗಡುವಿಲ್ಲದುದರಿಂದ, ಕೊನೆಯ ತಂತಿ ಕತ್ತರಿಸುವ ಮೊದಲು ಮನೆಯಲ್ಲಿ ಯಾರಿದ್ದಾರೆಂದು ವಿಚಾರಿಸುವ ವ್ಯವಧಾನವೂ ಯಾರಿಗೂ ಒದಗಲಿಲ್ಲ. ಧಾರವಾಡದಲ್ಲಿಯೋ ಕುಂದಾಪುರದಲ್ಲಿಯೋ ಒಂಟಿಯಾಗಿರುವ ವೃದ್ಧೆಯ ಮನೆಯಲ್ಲಿ ಕರೆಂಟು ಹೋದೊಡನೆ ಮೂಲೆಯ ಪೆಟ್ಟಿಗೆಯ ದೀಪ ಆರುತ್ತದೆ, ಅದರೊಡನೆ ದೂರವಾಣಿಯೂ. ಪುಣೆಯಲ್ಲಿರುವ ಮಗ ಕರೆಮಾಡಿದರೆ ಉತ್ತರ ಬರುವುದಿಲ್ಲ. ಕರೆಂಟು ಹೋಗಿದೆಯೋ, ಬೇರೆ ಏನಾದರೂ ಆಗಿದೆಯೋ ಅವನಿಗೆ ತಿಳಿಯದು. ಇದನ್ನು ಕಂಡುಕೊಂಡವರು ಪೇಟೆಯಿಂದ ಅಂಗೈಯಗಲದ ಬ್ಯಾಟರಿಯೊಂದನ್ನು ತಂದು ಪೆಟ್ಟಿಗೆಗೆ ಜೋಡಿಸಿಕೊಡುತ್ತಿದ್ದಾರೆ. ಕೆಲವು ಗಂಟೆಗಳ ಕಾಲ ಅದು ನಡೆಯುತ್ತದೆ. ಕೆಲವು ವರ್ಷಗಳಲ್ಲಿ ಅದರ ಸತ್ವ ಇಳಿದು ಬದಲಾಯಿಸಬೇಕಾಗುತ್ತದೆ. ನವಸಾಗರದ ಜಾಡಿಯನ್ನು ನೋಡಿಹೋಗಲು ಕಂಪೆನಿಯ ಆಳು ಬರುತ್ತಿದ್ದನು. ಈ ಬ್ಯಾಟರಿಯನ್ನು ನೋಡಬೇಕಾದವನು ದೀಪಾವಳಿಗೆ ಊರಿಗೆ ಬರುವ ಮಗ.